ಒಡೆದ ಮಡಕೆಯ ಸಾಕ್ಷ್ಯ

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿರುವೆವು. ಮಡಕೆಯು ಒಡೆದ ಮೇಲೆ ಅದರ ಕಥೆ ಮುಗಿಯಿತೆಂಬುದೇ ಲೋಕದ ಎಣಿಕೆ. ಮನೆಯಾಕೆಯು ಚೂರುಗಳನ್ನು ಬಳಿದು ಹಿತ್ತಲಿಗೆ ಎಸೆದು, ಸಂತೆಯ ದಿನ ಮತ್ತೊಂದನ್ನು ಕೊಂಡು ತರುವಳು. ಆದರೆ ಹಿತ್ತಲಲ್ಲಿ ಬಿದ್ದ ಆ ಚೂರಿನ ಆಯುಸ್ಸು ಆಗತಾನೇ ಆರಂಭವಾಗಿರುವುದು. ಮರವು ಕೊಳೆಯುವುದು, ಬಟ್ಟೆಯು ಜೀರ್ಣವಾಗುವುದು, ಕಬ್ಬಿಣವು ತುಕ್ಕು ಹಿಡಿದು ಮಣ್ಣಾಗುವುದು. ಬೆಳ್ಳಿ ಬಂಗಾರಗಳನ್ನು ಕರಗಿಸಿ ಬೇರೆ ಒಡವೆ ಮಾಡಿಸಿಕೊಳ್ಳುವರು. ಬೆಂದ ಮಣ್ಣಿನ ಚೂರನ್ನಾದರೋ ಗೆದ್ದಲು ತಿನ್ನದು, ಕಳ್ಳನು ಕದಿಯನು, ಅಕ್ಕಸಾಲಿಗನು ಕರಗಿಸನು. ಬೆಲೆಯಿಲ್ಲದ್ದಾದ ಕಾರಣದಿಂದಲೇ ಅದು ಇದ್ದಲ್ಲಿಯೇ ಉಳಿದು, ಸಾವಿರಾರು ವರ್ಷಗಳ ತರುವಾಯ ಹಾರೆಗುದ್ದಲಿಗಳಿಗೆ ಸಿಕ್ಕುವುದು.

ಇಂತಹ ಚೂರನ್ನು ಪ್ರಕೃತಿ ವಿಜ್ಞಾನವು ಯಾವ ರೀತಿಯಲ್ಲಿ ಪ್ರಶ್ನಿಸಿ ಉತ್ತರ ಪಡೆಯುವುದೆಂಬುದನ್ನು ಈ ಸ್ಮರಣ ಸಂಚಿಕೆಯ ವಾಚಕರಿಗೆ, ಅಂದರೆ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಈಗಿನ ಹುಡುಗಿಯರ ತಾಯಿತಂದೆಗಳಿಗೂ, ಪಾಠರೂಪವಾಗಿ ತಿಳಿಸಬೇಕೆಂಬುದು ನಮ್ಮ ಉದ್ದೇಶ. ಈ ವಿಷಯವನ್ನು ನಾವು ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ಕಲ್ಲಿನ ಶಾಸನಗಳಲ್ಲಿ ಅರಸರೂ ರಾಣಿಯರೂ ದಾನಿಗಳೂ ವೀರರೂ ಇರುವರು. ಪ್ರತಿದಿನವೂ ಒಲೆಯ ಮುಂದೆ ಕುಳಿತು ಮನೆಮಂದಿಯ ಹೊಟ್ಟೆ ತುಂಬಿಸಿದವಳ ಕೆಲಸವನ್ನು ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ. ಅವಳ ಶಾಸನವೇನಾದರೂ ಉಳಿದಿದ್ದರೆ ಅದು ಅವಳ ಮಡಕೆಯಲ್ಲಿಯೇ ಉಳಿದಿರಬೇಕು. ಅದನ್ನು ಓದುವ ಲಿಪಿಯನ್ನು ಮನುಷ್ಯರು ಕಲಿತದ್ದು ಇತ್ತೀಚೆಗೆ.

ಬೆಂಕಿಯ ಕೆಲಸ

ಮೊದಲು ಮಡಕೆಯೆಂದರೆ ಏನೆಂಬುದನ್ನು ತಿಳಿಯೋಣ. ಬಂಡೆಗಳು ಗಾಳಿಮಳೆಗಳಿಗೆ ಸಿಕ್ಕಿ ಬಹುಕಾಲ ಶಿಥಿಲವಾದುದರಿಂದ ಜೇಡಿಮಣ್ಣು ಉಂಟಾಗಿದೆ. ಅದರಲ್ಲಿ ಅಲ್ಯುಮಿನಿಯಮ್, ಸಿಲಿಕಾನ್ ಮತ್ತು ಆಮ್ಲಜನಕಗಳು ಕೂಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಹಾಳೆಗಳಂತೆ ಒಂದರ ಮೇಲೊಂದು ಅಡಕವಾಗಿರುವುವು. ಹಾಳೆಗಳ ನಡುವೆ ನೀರು ಸೇರಿದಾಗ ಅವು ಜಾರುವುವು. ಆದುದರಿಂದಲೇ ಹಸಿಮಣ್ಣು ಕುಂಬಾರನ ಬೆರಳು ಹೇಳಿದಂತೆ ಕೇಳುವುದು. ಬರಿಯ ಬಿಸಿಲಿಗೆ ಒಣಗಿದ ಗಡಿಗೆಯನ್ನು ನೀರಿನಲ್ಲಿಟ್ಟರೆ ಅದು ಮತ್ತೆ ಕೆಸರಾಗುವುದು. ಏಕೆಂದರೆ ಬಿಸಿಲು ನಡುವಿನ ನೀರನ್ನು ಮಾತ್ರ ತೆಗೆಯಬಲ್ಲುದು. ಹಾಳೆಗಳ ಒಳಗೇ ರಾಸಾಯನಿಕವಾಗಿ ಬಂಧಿಸಲ್ಪಟ್ಟ ಇನ್ನೊಂದು ಪಾಲು ನೀರನ್ನು ಅದು ಮುಟ್ಟಲಾರದು. ಆವಿಗೆಯಲ್ಲಿ ಶಾಖವು ಸುಮಾರು 450ರಿಂದ 600 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ಆ ನೀರೂ ಹೊರಟುಹೋಗುವುದು. ಅನಂತರ ಎಷ್ಟು ನೆನೆಸಿದರೂ ಅದು ಮರಳಿ ಜೇಡಿಯಾಗದು.

ಬೆಂಕಿಯು ತಾನು ಮಾಡಿದ ಕೆಲಸದ ಗುರುತನ್ನೂ ಬಿಟ್ಟುಹೋಗುವುದು. ಮಣ್ಣಿನಲ್ಲಿ ಸುಣ್ಣಕಲ್ಲಿನ ಕಣಗಳಿದ್ದರೆ ಅವು ಸುಮಾರು 700ರಿಂದ 850 ಡಿಗ್ರಿಯೊಳಗೆ ಒಡೆದು ರೂಪಾಂತರ ಹೊಂದುವುವು; ಚೂರಿನಲ್ಲಿ ಅವು ಕೆಡದೆ ಇದ್ದಲ್ಲಿ ಆವಿಗೆಯ ಶಾಖವು ಅಷ್ಟಕ್ಕೆ ಏರಲಿಲ್ಲವೆಂದು ಊಹಿಸಬಹುದು. ಬಣ್ಣವೂ ಹಾಗೆಯೇ. ಮಣ್ಣಿನಲ್ಲಿರುವ ಕಬ್ಬಿಣಕ್ಕೆ ಬೇಯುವಾಗ ಗಾಳಿಯು ಯಥೇಚ್ಛವಾಗಿ ದೊರೆತರೆ ಮಡಕೆ ಕೆಂಪಾಗುವುದು; ಗಾಳಿಯು ಕಟ್ಟಿ ಹೊಗೆ ತುಂಬಿದರೆ ಕಪ್ಪಾಗುವುದು. ನಮ್ಮ ದಕ್ಷಿಣದೇಶದ ಬೃಹತ್ ಶಿಲಾಸಮಾಧಿಗಳಲ್ಲಿ ದೊರೆಯುವ ಪಾತ್ರೆಗಳು ಒಳಗೂ ಬಾಯಂಚಿನಲ್ಲಿಯೂ ಕಪ್ಪು, ಹೊರಗೆ ಕೆಳಭಾಗದಲ್ಲಿ ಕೆಂಪು. ಅವುಗಳನ್ನು ಬಾಯಿ ಕೆಳಗಾಗಿ ಕವುಚಿಟ್ಟು ಸುಟ್ಟುದರಿಂದ ಒಳಗೆ ಗಾಳಿ ಹೋಗದೆ ಎರಡು ಬಣ್ಣಗಳುಂಟಾದುವೆಂದು ಒಂದು ವಿವರಣೆ. ಒಂದು ಚೂರಿನಿಂದ ಸಣ್ಣ ತುಂಡನ್ನು ಮುರಿದು ಗಾಳಿಯಾಡುವ ಕುಲುಮೆಯಲ್ಲಿ ಮತ್ತೆ ಕಾಯಿಸಿ, ಕಪ್ಪು ಎಷ್ಟು ಶಾಖಕ್ಕೆ ಬಿಡುವುದೆಂದು ನೋಡಿ ಇಂತಹ ಮಾತನ್ನು ಪರೀಕ್ಷಿಸುವರು.

ಕಣ್ಣಿನ ಓದೂ ಅದರ ಮಿತಿಯೂ

ವಿಜ್ಞಾನದ ಉಪಕರಣಗಳು ಬರುವುದಕ್ಕೆ ಮುಂಚೆ ಚೂರುಗಳನ್ನು ಕಣ್ಣೇ ಓದುತ್ತಿತ್ತು. ಈಜಿಪ್ಟಿನಲ್ಲಿ ಬರವಣಿಗೆ ಹುಟ್ಟುವುದಕ್ಕೂ ಹಿಂದಿನ ನೂರಾರು ಗೋರಿಗಳನ್ನು ಅಗೆದ ಫ್ಲಿಂಡರ್ಸ್ ಪೀಟ್ರಿಯವರು, ಯಾವುದು ಮೊದಲಿನದು, ಯಾವುದು ಅನಂತರದ್ದು ಎಂಬುದನ್ನು ಮಡಕೆಗಳ ಆಕಾರದಿಂದಲೇ ಕ್ರಮಪಡಿಸಿ 1899ರಲ್ಲಿ ಪ್ರಕಟಿಸಿದರು. ಒಂದು ಬಗೆಯ ಕುಡಿಕೆಗೆ ಮೊದಲು ಹಿಡಿಯುವುದಕ್ಕೆ ಯೋಗ್ಯವಾದ ಅಲೆಯಾಕಾರದ ಹಿಡಿಯಿತ್ತು; ಬರಬರುತ್ತ ಅದು ಕಿರಿದಾಗಿ, ಕಡೆಗೆ ಬರಿಯ ಅಲಂಕಾರದ ಗೆರೆಯಾಯಿತು. ಉಪಯೋಗವು ಮರೆತುಹೋಗಿ ರೂಪವು ಮಾತ್ರ ಉಳಿಯುವ ಈ ಕ್ರಮವನ್ನು ಅವರು ಗಡಿಯಾರದಂತೆ ಬಳಸಿದರು.

ನಮ್ಮ ನಾಡಿನಲ್ಲಿಯೂ ಇಂತಹ ಓದು ನಡೆದಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯು ಅಶೋಕನ ಶಾಸನದಿಂದ ಪ್ರಸಿದ್ಧವಾದ ಸ್ಥಳ. ಮೈಸೂರು ಪ್ರಾಚ್ಯವಸ್ತು ಇಲಾಖೆಯ ಎಂ. ಎಚ್. ಕೃಷ್ಣ ಅವರು ಅಲ್ಲಿ ಅಗೆದ ಮೇಲೆ, 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಪುನಃ ಅಗೆಯಿಸಿದರು. ಕೆಳಗೆ ಕಲ್ಲಿನ ಕೊಡಲಿಯನ್ನು ಬಳಸಿದ ಜನರ ಒರಟು ಮಡಕೆಗಳು, ನಡುವೆ ಶಿಲಾಸಮಾಧಿಯ ಜನರ ಕಪ್ಪು ಕೆಂಪು ಪಾತ್ರೆಗಳು, ಮೇಲೆ ಆಂಧ್ರ ಅರಸರ ಕಾಲದ ಪಾತ್ರೆಗಳು, ಹೀಗೆ ಮೂರು ಪದರಗಳು ಕಂಡುವು. ಕಾಲವನ್ನು ಗೊತ್ತುಮಾಡುವ ಬಗೆ ಹೇಗೆ? ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ 1945ರಲ್ಲಿ ವೀಲರ್ ಅವರಿಗೆ ಇಟಲಿಯ ಅರೆಜೊ ಪಟ್ಟಣದ ಹೆಸರಿನಿಂದ ಪ್ರಸಿದ್ಧವಾದ ಕೆಂಪು ಮೆರುಗಿನ ಪಾತ್ರೆಯ ಚೂರುಗಳು ದೊರೆತಿದ್ದುವು. ಅವು ಕ್ರಿಸ್ತಶಕ ಮೊದಲನೆಯ ಶತಮಾನದ ಆರಂಭದವೆಂದು ಗೊತ್ತಿತ್ತು. ಅಲ್ಲಿಯೇ ಹಲ್ಲುಗಾಲಿಯಿಂದ ಒತ್ತಿದಂತೆ ಸಾಲುಸಾಲಾಗಿ ಚುಕ್ಕೆಗಳಿರುವ ನಯವಾದ ತಟ್ಟೆಗಳೂ ಸಿಕ್ಕಿದ್ದುವು. ಅದೇ ಬಗೆಯ ತಟ್ಟೆಯ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಕಂಡುಬಂದುವು. ಹೀಗೆ ಇಟಲಿಯ ಚೂರಿನಿಂದ ಅರಿಕಮೇಡು, ಅರಿಕಮೇಡಿನಿಂದ ಬ್ರಹ್ಮಗಿರಿ ಎಂದು ಸರಪಳಿಯ ಕೊಂಡಿಗಳು ಸೇರಿದುವು.

ಈ ಸರಪಳಿಯು ಮೇಲಿನ ಪದರಕ್ಕೆ ಒಳ್ಳೆಯ ಆಧಾರವಾಯಿತು. ಕೆಳಗಿನ ಪದರಗಳಿಗೆ ಮಾತ್ರ ಊಹೆಯೇ ಗತಿಯಾಯಿತು. ಕಲ್ಲುಗೊಡಲಿಯ ಜನರು ಕ್ರಿಸ್ತಪೂರ್ವ ಒಂದನೆಯ ಸಹಸ್ರಮಾನದ ಆದಿಭಾಗದಲ್ಲಿ ಬಂದಿರಬೇಕೆಂದು ವೀಲರ್ ಅವರು ಎಣಿಸಿದರು. 1949ರಲ್ಲಿ ಇಂಗಾಲ-14ರ ವಿಧಾನವು ಪ್ರಕಟವಾಗಿ, ಮುಂದೆ ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳ ಇದ್ದಲನ್ನು ಅದರಿಂದ ಪರೀಕ್ಷಿಸಿದಾಗ, ಆ ಜನರ ಆರಂಭವು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನಕ್ಕೆ ಹಿಂದೆ ಹೋಯಿತು. ಒಂದು ಸಾವಿರ ವರ್ಷಕ್ಕೂ ಮಿಕ್ಕ ತಪ್ಪು! ಇದರಿಂದ ವೀಲರ್ ಅವರ ಶ್ರಮಕ್ಕೆ ಕುಂದಿಲ್ಲ. ಅವರು ಪದರಗಳನ್ನು ಅಷ್ಟು ನಿಷ್ಠೆಯಿಂದ ಬರೆದಿಟ್ಟುದರಿಂದಲೇ ತಪ್ಪನ್ನು ತಿದ್ದುವುದು ಸಾಧ್ಯವಾಯಿತು. ಚೂರು ಸುಳ್ಳು ಹೇಳಲಿಲ್ಲ. ಕೇಳುವ ಉಪಾಯವು ಆಗ ಸಾಲದಾಗಿತ್ತು.

ಎಲ್ಲಿಯ ಮಣ್ಣು?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮಂಗಳೂರು ಹಂಚಿನ ಮಾಡಿನ ಕೆಳಗೆ ಹುಟ್ಟಿ ಬೆಳೆದವರು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರೆಂಬುದನ್ನೂ ಅಲ್ಲಿಯ ಹಂಚುಗಳು ಹಡಗು ಹತ್ತಿ ದೂರದೇಶಗಳಿಗೆ ಹೋದುವೆಂಬುದನ್ನೂ ಕೇಳಿರಬಹುದು. ಅಂತಹ ಹಂಚನ್ನು ಕವುಚಿ ನೋಡಿದರೆ ಕಾರ್ಖಾನೆಯ ಹೆಸರೂ ಊರಿನ ಹೆಸರೂ ಒತ್ತಿರುವುವು. ಆಫ್ರಿಕದ ತೀರದಲ್ಲಿ ಅಂತಹ ಹಂಚು ಸಿಕ್ಕಿದರೂ ಅದರ ತವರನ್ನು ಯಾರಾದರೂ ಹೇಳಬಲ್ಲರು. ಅಡುಗೆಯ ಮಡಕೆಗೆ ಇಂತಹ ಮುದ್ರೆಯಿಲ್ಲ. ಹಾಗಾದರೆ ಅದರ ತವರನ್ನು ಅರಿಯುವುದೆಂತು? ಮಣ್ಣೇ ಅದರ ಮುದ್ರೆ.

ತರಗತಿಯಲ್ಲಿ ನಾವು ಹುಡುಗಿಯರಿಗೆ ಮಾಡಿಸುವ ಒಂದು ಸಣ್ಣ ಪ್ರಯೋಗವನ್ನು ವಾಚಕರು ಮನೆಯಲ್ಲಿಯೇ ಮಾಡಿ ನೋಡಬಹುದು. ಈಗಿನ ಕಾಲದ ಒಡೆದ ಮಡಕೆಗಳೆರಡರ ಚೂರುಗಳನ್ನು ತೆಗೆದುಕೊಳ್ಳಿರಿ. ಬೇರೆ ಬೇರೆ ಊರಿನ ಸಂತೆಯಲ್ಲಿ ಕೊಂಡವಾದರೆ ಉತ್ತಮ. ಹೊಸದಾಗಿ ಮುರಿದ ಅಂಚನ್ನು ಬಿಸಿಲಿನಲ್ಲಿ ಹಿಡಿದು ಭೂತಗನ್ನಡಿಯಿಂದ ನೋಡಿರಿ. ಒಂದರಲ್ಲಿ ದುಂಡಾದ ಹೊಳೆಮರಳು, ಇನ್ನೊಂದರಲ್ಲಿ ಮೂಲೆಮೂಲೆಯಾಗಿ ಒಡೆದ ಕಲ್ಲಿನ ಪುಡಿ, ಮತ್ತೊಮ್ಮೆ ಹೊಳೆಯುವ ಕಾಗೆಬಂಗಾರ, ಅಥವಾ ಹೊಟ್ಟು ಸುಟ್ಟುಹೋದ ಸಣ್ಣ ತೂತುಗಳು ಕಾಣುವುವು. ಬೇಯುವಾಗ ಮಡಕೆ ಬಿರಿಯದಂತೆ ಇಂತಹ ಪದಾರ್ಥಗಳನ್ನು ಜೇಡಿಗೆ ಬೆರೆಸುವುದು ವಾಡಿಕೆ. ಬೆರಕೆಯು ಬಹುಮಟ್ಟಿಗೆ ಹತ್ತಿರದ ಹಳ್ಳದ್ದೋ ಗುಡ್ಡದ್ದೋ ಆಗಿರುವುದು. ವಿದ್ವಾಂಸರು ಇದೇ ಕೆಲಸವನ್ನು ಇನ್ನೂ ಸೂಕ್ಷ್ಮವಾಗಿ ಮಾಡುವರು. ಚೂರಿನಿಂದ ಒಂದು ಪದರವನ್ನು ಸೀಳಿ ಗಾಜಿಗೆ ಅಂಟಿಸಿ, ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗುವಂತೆ ಉಜ್ಜುವರು. ಅಷ್ಟು ತೆಳುವಾದಾಗ ಕಲ್ಲಿನ ಮೂಲಕವೂ ಬೆಳಕು ಹಾಯುವುದು. ವಿಶೇಷ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಖನಿಜವೂ ತನ್ನ ತನ್ನ ವರ್ಣವನ್ನು ತೋರಿಸಿ, ತಾನು ಯಾವ ಬಂಡೆಯ ಕುಲದ್ದೆಂಬುದನ್ನು ಹೇಳುವುದು.

ಈ ಉಪಾಯದಿಂದ ಒಂದು ದೊಡ್ಡ ನಂಬಿಕೆಯನ್ನು ಅಲುಗಿಸಿದವರು ಅನ್ನಾ ಶೆಪರ್ಡ್ ಎಂಬ ಮಹಿಳೆ. ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದ ಪೇಕೋಸ್ ಎಂಬಲ್ಲಿ ಮೂಲನಿವಾಸಿಗಳ ದೊಡ್ಡ ಹಳ್ಳಿಯೊಂದರ ಅವಶೇಷಗಳುಂಟು. ಆಲ್ಫ್ರೆಡ್ ಕಿಡ್ಡರ್ ಅವರು 1915ರಿಂದ 1929ರ ವರೆಗೆ ಅದನ್ನು ಅಗೆದು ಅಪಾರವಾದ ಚೂರುಗಳನ್ನು ಕೂಡಿಹಾಕಿದರು. ಆ ಸೀಮೆಯಲ್ಲಿ ತಿಗರಿಯಿಲ್ಲ. ಹೆಂಗಸರೇ ಮಣ್ಣಿನ ಸುರುಳಿಗಳನ್ನು ಸುತ್ತಿ ಸುತ್ತಿ ಮಡಕೆ ಕಟ್ಟುವರು. ರೊಟ್ಟಿ ಸುಡುವಂತೆ ಮಡಕೆ ಮಾಡುವುದೂ ಮನೆಮನೆಯ ಕೆಲಸ, ಆದುದರಿಂದ ಪೇಕೋಸಿನ ಮಡಕೆಗಳೆಲ್ಲ ಪೇಕೋಸಿನವೇ ಎಂದು ವಿದ್ವಾಂಸರು ಯೋಚನೆಯನ್ನೂ ಮಾಡದೆ ಒಪ್ಪಿಕೊಂಡಿದ್ದರು. ಶೆಪರ್ಡ್ ಅವರು ಚೂರುಗಳನ್ನು ಉಜ್ಜಿ ನೋಡಿದರು. ಅನೇಕ ಚೂರುಗಳಲ್ಲಿ ಇದ್ದ ಕಲ್ಲು ಪೇಕೋಸಿನ ಸುತ್ತಲಿನ ನೆಲದ್ದಲ್ಲ. ಬೇರೆ ಹಳ್ಳಿಗಳ ಬಳಿಯ ಅಗ್ನಿಶಿಲೆ. ಅಂದಮೇಲೆ ಆ ಮಡಕೆಗಳು ಬೇರೆ ಊರಿನ ಹೆಂಗಸರ ಕೈಕೆಲಸವಾಗಿದ್ದು, ವಿನಿಮಯದಿಂದ ಪೇಕೋಸಿಗೆ ಬಂದಿದ್ದುವು. 1936ರಲ್ಲಿಯೂ 1942ರಲ್ಲಿಯೂ ಈ ಸಂಶೋಧನೆಗಳು ಅಚ್ಚಾದುವು. ಮನೆಯ ಮೂಲೆಯ ಕೆಲಸವೆಂದು ಎಣಿಸಿದ್ದುದು ನಿಜವಾಗಿ ಕೆಲವು ಊರುಗಳಲ್ಲಿ ಬೆಳೆದುನಿಂತ ಕುಶಲ ಕಸುಬಾಗಿತ್ತು. ಹೊರಗಿನ ಚೆಲುವನ್ನು ನೋಡಿದ ಕಣ್ಣುಗಳಿಗೆ ಸಿಕ್ಕದ ಸತ್ಯವು, ಮುರಿದ ಅಂಚಿನ ಮರಳಿನಲ್ಲಿ ಸಿಕ್ಕಿತು. 1956ರಲ್ಲಿ ಪ್ರಕಟವಾದ ಅವರ ಗ್ರಂಥವು ಈ ಶಾಸ್ತ್ರದ ಪಠ್ಯವಾಯಿತು.

ಅರಿಕಮೇಡಿನ ಚುಕ್ಕೆಯ ತಟ್ಟೆಗಳ ಕಥೆಯೂ ಹೀಗೆಯೇ ತಿರುಗಿತು. ಆ ಅಲಂಕಾರದ ವಿದ್ಯೆಯು ಮೆಡಿಟರೇನಿಯನ್ ಕಡೆಯಿಂದ ಬಂತೆಂದು ವೀಲರ್ ಅವರು ನಂಬಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ್ ಗೋಗ್ಟೆಯವರು ಕ್ಷಕಿರಣಗಳನ್ನು ಚೂರಿನ ಪುಡಿಯ ಮೇಲೆ ಹಾಯಿಸಿ, ಅವು ಚದರುವ ರೀತಿಯಿಂದ ಖನಿಜಗಳನ್ನು ಗುರುತಿಸಿ, ಆ ತಟ್ಟೆಗಳ ಮಣ್ಣು ಬಂಗಾಳದ ಚಂದ್ರಕೇತುಗಢ ತಾಮ್ಲುಕ್ ಪ್ರದೇಶದ ಮಣ್ಣನ್ನು ಹೋಲುವುದೆಂದು 1997ರಲ್ಲಿ ತಿಳಿಸಿದರು. ಬಂಗಾಳವೇ ತವರೆಂಬುದನ್ನು ಎಲ್ಲರೂ ಒಪ್ಪಿಲ್ಲ. ಆದರೆ ಅರಿಕಮೇಡು, ಸಿಂಹಳದ ಅನುರಾಧಪುರ, ಬಾಲಿ ದ್ವೀಪದ ಸೆಂಬಿರಾನ್ ಮುಂತಾದ ದೂರದೂರದ ನೆಲೆಗಳಲ್ಲಿ ದೊರೆತ ಆ ನಯವಾದ ತಟ್ಟೆಗಳು ಭಾರತ ಖಂಡದ ಕುಂಬಾರರ ಕೆಲಸವೆಂಬುದು ಈಗ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇನ್ನೊಂದು ಉಪಾಯವೂ ಉಂಟು. ಚೂರನ್ನು ಅಣುಸ್ಥಾವರದಲ್ಲಿಟ್ಟು ನ್ಯೂಟ್ರಾನ್ ಕಣಗಳಿಂದ ತಾಡಿಸಿದರೆ ಅದರಲ್ಲಿನ ಧಾತುಗಳು ಒಂದೊಂದೂ ತನಗೇ ವಿಶಿಷ್ಟವಾದ ಕಿರಣಗಳನ್ನು ಬೀರುವುವು. ದಶಲಕ್ಷದಲ್ಲಿ ಕೆಲವು ಪಾಲು ಮಾತ್ರ ಇರುವ ಧಾತುವನ್ನೂ ಹೀಗೆ ಅಳೆಯಬಹುದು. ಮೆಡಿಟರೇನಿಯನ್ ಪ್ರದೇಶದ ಚೂರುಗಳ ಮೇಲೆ ನಡೆಸಿದ ಇಂತಹ ಪರೀಕ್ಷೆಯ ವರದಿಯು 1957ರಲ್ಲಿಯೇ ಹೊರಬಿತ್ತು.

ಯಾವ ಕಾಲದ್ದು?

ಕಾಲವನ್ನು ಚೂರಿನಿಂದಲೇ ಕೇಳಿ ತಿಳಿಯುವ ವಿಧಾನಕ್ಕೆ ಉಷ್ಣದೀಪ್ತಿ ಎಂದು ಹೆಸರು. ಇದನ್ನು ಮಕ್ಕಳು ಕಾಸು ಕೂಡಿಡುವ ಮಣ್ಣಿನ ಹುಂಡಿಯ ಉಪಮೆಯಿಂದ ಸುಲಭವಾಗಿ ತಿಳಿಯಬಹುದು. ಮಗುವು ದಿನಕ್ಕೆ ಒಂದು ಕಾಸಿನಂತೆ ತಪ್ಪದೆ ಹಾಕುತ್ತ ಬಂದಿದ್ದರೆ, ಹುಂಡಿಯನ್ನು ಒಡೆದು ಎಣಿಸಿದಾಗ ಎಷ್ಟು ದಿನಗಳಾದುವೆಂಬುದು ತಾನೇ ತಿಳಿಯುವುದು. ಮಡಕೆಯ ಮಣ್ಣಿನಲ್ಲಿಯೂ ಸುತ್ತಲಿನ ನೆಲದಲ್ಲಿಯೂ ಯುರೇನಿಯಮ್, ಥೋರಿಯಮ್ ಮತ್ತು ಒಂದು ಬಗೆಯ ಪೊಟ್ಯಾಸಿಯಮ್ ಅತ್ಯಲ್ಪವಾಗಿ ಇದ್ದು, ಸದಾ ಕಿರಣಗಳನ್ನು ಹೊರಸೂಸುತ್ತಿರುವುವು. ಆ ಶಕ್ತಿಯ ಒಂದಂಶವು ಮರಳಿನ ಹರಳುಗಳೊಳಗೆ ಸಿಕ್ಕಿಕೊಂಡು ವರುಷ ವರುಷವೂ ಕೂಡುತ್ತ ಹೋಗುವುದು. ಕುಂಬಾರನ ಆವಿಗೆಯು ಹಿಂದಿನ ಗಂಟನ್ನೆಲ್ಲ ಬರಿದುಮಾಡಿ ಹುಂಡಿಯನ್ನು ಹೊಸದಾಗಿ ಇಟ್ಟಂತೆ ಆಗುವುದು. ಈಗ ಪ್ರಯೋಗಶಾಲೆಯಲ್ಲಿ ಆ ಹರಳುಗಳನ್ನು ಸುಮಾರು 500 ಡಿಗ್ರಿಯ ವರೆಗೆ ಕಾಯಿಸಿದರೆ, ಕೂಡಿದ್ದ ಶಕ್ತಿಯು ಮಂದವಾದ ಬೆಳಕಾಗಿ ಹೊರಬರುವುದು. ಬೆಳಕನ್ನು ಅಳೆದು ಒಟ್ಟು ಗಂಟನ್ನು ತಿಳಿದು, ವರ್ಷಕ್ಕೆ ಕೂಡುವ ಪ್ರಮಾಣದಿಂದ ಭಾಗಿಸಿದರೆ ಮಡಕೆ ಬೆಂದು ಎಷ್ಟು ವರ್ಷಗಳಾದುವೆಂಬ ಲೆಕ್ಕ ಬರುವುದು. ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚುಕಡಿಮೆ ಇದ್ದೇ ಇರುವುದು. ಆದರೂ ಕಾಲವೇ ತಿಳಿಯದ ಚೂರಿಗೆ ಇದು ದೊಡ್ಡ ವರ.

ಮೋಸವನ್ನು ಬಯಲಿಗೆಳೆಯುವುದಕ್ಕೂ ಇದು ಸಹಾಯವಾಯಿತು. ತುರ್ಕಿ ದೇಶದ ಹಾಜಿಲಾರ್ ಎಂಬ ಪುರಾತನ ನೆಲೆಯ ಚಿತ್ರಿತ ಪಾತ್ರೆಗಳೂ ಗೊಂಬೆಗಳೂ ಪ್ರಸಿದ್ಧಿಗೆ ಬಂದ ಮೇಲೆ, ಆ ಹೆಸರಿನಿಂದ ಬಹಳ ಸಾಮಾನುಗಳು ಮಾರಾಟವಾಗಿ ವಸ್ತುಸಂಗ್ರಹಾಲಯಗಳನ್ನೂ ಸೇರಿದುವು. 1971ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 66 ವಸ್ತುಗಳ ಪೈಕಿ 48 ಇತ್ತೀಚೆಗೆ ಬೆಂದವೆಂದು ಗೊತ್ತಾಯಿತು. ತಜ್ಞರ ಕಣ್ಣನ್ನು ವಂಚಿಸಿದ ಕೈಗಳು ಹರಳಿನ ಹುಂಡಿಯನ್ನು ತುಂಬಿಸಲಾರದೆ ಹೋದುವು.

ಒಳಗೆ ಏನಿತ್ತು?

ಮಣ್ಣಿನ ಗಡಿಗೆಯಲ್ಲಿ ಅಡುಗೆ ಮಾಡಿದ ಅಜ್ಜಿಯರಿದ್ದ ಮನೆಯವರಿಗೆ ಮುಂದಿನ ಸಂಗತಿಯು ಹೊಸದೆನಿಸದು. ಮಜ್ಜಿಗೆಯ ಗಡಿಗೆಯನ್ನು ಎಷ್ಟು ತೊಳೆದರೂ ಅದರಲ್ಲಿ ಹಾಲು ಕಾಯಿಸಬಾರದು, ಒಡೆಯುವುದು. ಮೀನಿನ ಸಾರಿನ ಪಾತ್ರೆಯಲ್ಲಿ ಪಾಯಸ ಮಾಡಬಾರದು, ವಾಸನೆ ಬರುವುದು. ಮಡಕೆಯ ಗೋಡೆಯು ಒಳಗಿನದನ್ನು ಕುಡಿಯುವುದೆಂಬುದನ್ನು ಅವರು ಬಲ್ಲವರಾಗಿದ್ದರು. ವಿಜ್ಞಾನಿಗಳು ಹೇಳುವುದೂ ಇದನ್ನೇ. ಮೆರುಗಿಲ್ಲದ ಮಡಕೆಯ ಸೂಕ್ಷ್ಮ ರಂಧ್ರಗಳಲ್ಲಿ ಸೇರಿದ ಜಿಡ್ಡು ಸಾವಿರಾರು ವರ್ಷ ಅಲ್ಲಿಯೇ ಅಡಗಿರಬಲ್ಲುದು. ಚೂರಿನ ಮೇಲ್ಮೈಯನ್ನು ಕೆರೆದು ಬಿಟ್ಟು, ಒಳಭಾಗವನ್ನು ಪುಡಿಮಾಡಿ, ಜಿಡ್ಡನ್ನು ಕರಗಿಸುವ ದ್ರವಗಳಿಂದ ಅದನ್ನು ಹೊರತೆಗೆದು, ಯಂತ್ರಗಳ ಸಹಾಯದಿಂದ ಅದರ ಅಣುಗಳನ್ನು ಒಂದೊಂದಾಗಿ ಬೇರ್ಪಡಿಸಿ ಗುರುತಿಸುವರು.

ಹಾಲಿನ ಜಿಡ್ಡೋ ಮಾಂಸದ ಕೊಬ್ಬೋ ಎಂಬುದನ್ನು ತಿಳಿಯುವ ಉಪಾಯವನ್ನು ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ರಿಚರ್ಡ್ ಎವರ್ಷೆಡ್ ಮತ್ತು ಅವರ ಜೊತೆಗಾರರು 1998ರಲ್ಲಿ ತೋರಿಸಿಕೊಟ್ಟರು. ಹಸು ಕುರಿಗಳ ಕೆಚ್ಚಲು ಕೆಲವು ಜಿಡ್ಡಿನ ಆಮ್ಲಗಳನ್ನು ತಾನೇ ತಯಾರಿಸುವುದು. ಸ್ಟಿಯರಿಕ್ ಆಮ್ಲವೆಂಬುದನ್ನು ಮಾತ್ರ ತಯಾರಿಸಲಾರದೆ, ತಿಂದ ಮೇವಿನಿಂದ ಬಂದುದನ್ನು ರಕ್ತದಿಂದ ಪಡೆಯುವುದು. ಈ ಕಾರಣದಿಂದ ಹಾಲಿನ ಆ ಆಮ್ಲದಲ್ಲಿ ಭಾರವಾದ ಇಂಗಾಲವು ಮೈಕೊಬ್ಬಿನಲ್ಲಿರುವುದಕ್ಕಿಂತ ಸ್ವಲ್ಪ ಕಡಿಮೆ. ಆ ಸ್ವಲ್ಪ ವ್ಯತ್ಯಾಸವನ್ನು ಯಂತ್ರವು ತೂಗಬಲ್ಲುದು.

ಪೋಲೆಂಡಿನ ಕುಯಾವಿಯ ಪ್ರದೇಶದಲ್ಲಿ ಕ್ರಿಸ್ತಪೂರ್ವ ಆರನೆಯ ಸಹಸ್ರಮಾನದ, ಜರಡಿಯಂತೆ ತೂತುಗಳುಳ್ಳ ಮಡಕೆಯ ಚೂರುಗಳು ದೊರೆತಿದ್ದುವು. ಇವು ಒಡೆದ ಹಾಲಿನ ಗಿಣ್ಣನ್ನು ಸೋಸಿ ಚೀಸ್ ಮಾಡುವ ಪಾತ್ರೆಗಳಾಗಿರಬೇಕೆಂದು ಪೀಟರ್ ಬೊಗುಸ್ಕಿ ಎಂಬವರು 1980ರ ದಶಕದಲ್ಲಿ ಸೂಚಿಸಿದರು. ಸಾಧಾರವಾದ ಊಹೆಯಾದರೂ ಅದು ಊಹೆಯೇ. 2012ರ ಡಿಸೆಂಬರಿನಲ್ಲಿ ಮೆಲಾನಿ ಸಾಲ್ಕ್ ಎಂಬ ಮಹಿಳೆಯೂ ಸಂಗಡಿಗರೂ ಆ ಚೂರುಗಳಲ್ಲಿ ಹಾಲಿನ ಜಿಡ್ಡನ್ನು ಕಂಡು ಪ್ರಕಟಿಸಿದರು. ಅದೇ ಸೀಮೆಯ ಅಡುಗೆಯ ಮಡಕೆಗಳಲ್ಲಿ ಮಾಂಸದ ಕೊಬ್ಬು, ಸಣ್ಣ ಕೂಜೆಗಳಲ್ಲಿ ಜೇನುಮೇಣ ಕಂಡುಬಂದುವು. ಯಾವ ಪಾತ್ರೆ ಯಾವುದಕ್ಕೆ ಎಂಬ ಅಡುಗೆಮನೆಯ ಕ್ರಮವು ಏಳು ಸಾವಿರ ವರ್ಷಗಳ ಹಿಂದೆಯೂ ಇತ್ತೆಂಬುದು ಇದರಿಂದ ವಿದಿತ.

ಇನ್ನೊಂದು ಸಂಗತಿಯು ತಾಯಂದಿರ ಮನಸ್ಸನ್ನು ಮುಟ್ಟದೆ ಇರದು. ಜರ್ಮನಿಯ ಬವೇರಿಯ ಪ್ರಾಂತದಲ್ಲಿ ಪುಟ್ಟ ಮಕ್ಕಳ ಗೋರಿಗಳಲ್ಲಿ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮಣ್ಣಿನ ಪಾತ್ರೆಗಳು ದೊರೆತಿವೆ. ನಮ್ಮ ಒಳಲೆಯಂತೆ ಅವಕ್ಕೊಂದು ಕೊಳವೆಯುಂಟು. ಅವು ಮಕ್ಕಳಿಗೆ ಹಾಲೂಡುವ ಪಾತ್ರೆಗಳೋ, ರೋಗಿಗಳಿಗೆ ಕುಡಿಸುವಂಥವೋ ಎಂಬ ಸಂದೇಹವಿತ್ತು. ಜೂಲಿ ಡನ್ ಎಂಬ ಮಹಿಳೆಯೂ ಜೊತೆಗಾರರೂ ಕ್ರಿಸ್ತಪೂರ್ವ 1200ರಿಂದ 450ರ ನಡುವಿನ ಇಂತಹ ಮೂರು ಪಾತ್ರೆಗಳನ್ನು ಪರೀಕ್ಷಿಸಿ 2019ರಲ್ಲಿ ವರದಿ ಮಾಡಿದರು. ಮೂರರಲ್ಲಿಯೂ ಹಸು, ಆಡು, ಕುರಿಗಳಂತಹ ಮೆಲುಕು ಹಾಕುವ ಪ್ರಾಣಿಗಳ ಹಾಲಿನ ಗುರುತು ಕಂಡಿತು. ಒಂದರಲ್ಲಿ ಬೇರೆ ಜಿಡ್ಡೂ ಬೆರೆತಿತ್ತು. ಎದೆಹಾಲಿಗೆ ಬದಲಾಗಿಯೋ ಜೊತೆಯಾಗಿಯೋ ಯಾವಳೋ ತಾಯಿಯು ಕುಡಿಸುತ್ತಿದ್ದ ಪಾತ್ರೆ! ಕಂದನು ಉಳಿಯಲಿಲ್ಲ, ಪಾತ್ರೆಯನ್ನು ಅವನ ಪಕ್ಕದಲ್ಲಿಟ್ಟರು. ಅವಳ ಭಾಷೆಯನ್ನು ನಾವರಿಯೆವು, ಹೆಸರನ್ನೂ ಅರಿಯೆವು. ಆದರೆ ಅವಳ ಆರೈಕೆಗೆ ಈಗ ಸಾಕ್ಷಿಯುಂಟು.

ನಮ್ಮ ದೇಶದ ಸಿಂಧೂ ನಾಗರಿಕತೆಯ ಮಡಕೆಗಳ ಮೇಲೂ ಇಂತಹ ಕೆಲಸ ನಡೆದಿದೆ. ಅಕ್ಷ್ಯೇತಾ ಸೂರ್ಯನಾರಾಯಣ್ ಮತ್ತು ಅವರ ಸಂಗಡಿಗರು ಈಗಿನ ಹರಿಯಾಣ ಮತ್ತು ಉತ್ತರ ಪ್ರದೇಶಗಳ ನೆಲೆಗಳಿಂದ 172 ಚೂರುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಪ್ರಾಣಿಗಳ ಕೊಬ್ಬೇ ಪ್ರಧಾನವೆಂದೂ ಹಾಲಿನ ಗುರುತು ಅಲ್ಪವೆಂದೂ 2020ರ ಕೊನೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಗುಜರಾತಿನ ಕೋಟಡಾ ಭಾಡ್ಲಿಯ 59 ಚೂರುಗಳನ್ನು ಪರೀಕ್ಷಿಸಿದ ಬೇರೆ ವಿದ್ವಾಂಸರಿಗೆ ಹಲವುಗಳಲ್ಲಿ ಹಾಲಿನ ಜಿಡ್ಡು ದೊರೆಯಿತು. ಇವೆರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಅಲ್ಲಗಳೆಯುವ ಕಾರಣವಿಲ್ಲ. ಪ್ರದೇಶ ಪ್ರದೇಶಕ್ಕೂ ಮನೆ ಮನೆಗೂ ಅಡುಗೆ ಬೇರೆಯಾಗಿರುವುದು ಇಂದಿಗೂ ಇರುವ ಲೋಕರೂಢಿಯಷ್ಟೆ.

ಸಾಕ್ಷಿಯ ಮರ್ಯಾದೆ

ಹೀಗೆ ಚೂರು ಬಹಳ ಮಾತನ್ನಾಡುವುದು ನಿಜ. ಆದರೆ ಅದು ಆಡದ ಮಾತನ್ನು ಅದರ ಬಾಯಲ್ಲಿ ಇಡಬಾರದು. ಜಿಡ್ಡಿನ ಪರೀಕ್ಷೆಯು ಜಿಡ್ಡನ್ನು ಮಾತ್ರ ಕಾಣುವುದು. ಧಾನ್ಯಗಳಲ್ಲಿಯೂ ಸೊಪ್ಪುಗಳಲ್ಲಿಯೂ ಜಿಡ್ಡು ಸ್ವಲ್ಪವೇ ಆದುದರಿಂದ, ದಿನವೂ ಅಂಬಲಿ ಕಾಸಿ ಹಬ್ಬಕ್ಕೊಮ್ಮೆ ಮಾಂಸ ಬೇಯಿಸಿದ ಮಡಕೆಯು ಮಾಂಸವನ್ನೇ ಎತ್ತಿ ಹೇಳೀತು. ಮಣ್ಣಿನ ಪರೀಕ್ಷೆಯು ಮಡಕೆಯ ತವರನ್ನು ಸೂಚಿಸುವುದೇ ಹೊರತು ಅದನ್ನು ಹೊತ್ತು ತಂದವರು ಯಾರೆಂಬುದನ್ನಲ್ಲ. ಉಷ್ಣದೀಪ್ತಿಯು ಕಟ್ಟಕಡೆಗೆ ಮಡಕೆಯು ಕಾದ ಕಾಲವನ್ನು ಹೇಳುವುದು. ಊರಿಗೇ ಬೆಂಕಿ ಬಿದ್ದಿದ್ದರೆ ಲೆಕ್ಕವು ಅಂದಿನಿಂದ ಆರಂಭವಾಗುವುದು. ಇದಲ್ಲದೆ ಪ್ರತಿಯೊಂದು ಪರೀಕ್ಷೆಯೂ ಚೂರಿನ ಒಂದು ಪಾಲನ್ನು ಪುಡಿಮಾಡಿ ನುಂಗುವುದು. ಆದುದರಿಂದ ಏನನ್ನು ಕೇಳಬೇಕೆಂಬುದನ್ನು ಮೊದಲೇ ಯೋಚಿಸಿಕೊಳ್ಳಬೇಕು. ಇಷ್ಟೇ ಗೊತ್ತು, ಇದಕ್ಕೆ ಮಿಕ್ಕುದು ಊಹೆ, ಎಂದು ಗೆರೆಯೆಳೆದು ಹೇಳುವ ಪ್ರಾಮಾಣಿಕತೆಯೇ ಈ ಶಾಸ್ತ್ರದ ಜೀವ. ಹುಡುಗಿಯರು ವಿಜ್ಞಾನ ತರಗತಿಯಿಂದ ಬೇರೇನನ್ನು ಮರೆತರೂ ಇದೊಂದನ್ನು ಮರೆಯದಿರಲೆಂಬುದು ನಮ್ಮ ಆಶೆ.

ತಾಯಿತಂದೆಗಳಲ್ಲಿ ಒಂದು ಬಿನ್ನಹವುಂಟು. ಬಾವಿ ತೋಡುವಾಗ, ಹೊಲ ಉಳುವಾಗ, ಮನೆಯ ಅಡಿಪಾಯ ಅಗೆಯುವಾಗ ಹಳೆಯ ಚೂರುಗಳು ಗುಂಪಾಗಿ ಕಂಡುಬಂದರೆ ಅವುಗಳನ್ನು ಕಿತ್ತು ತೊಳೆದು ಕಪಾಟಿನಲ್ಲಿ ಸಾಲಾಗಿ ಇಡಬೇಡಿರಿ. ತೊಳೆಯುವಾಗ ಒಳಗಿನ ಸಾಕ್ಷ್ಯವು ಕೆಡುವುದು. ಬೆರಳಿನ ಎಣ್ಣೆಯೂ ಪ್ಲಾಸ್ಟಿಕ್ ಚೀಲವೂ ಹೊಸ ಜಿಡ್ಡನ್ನು ಅಂಟಿಸುವುವು. ಸುತ್ತಲಿನ ಮಣ್ಣಿನಿಂದ ಬೇರ್ಪಟ್ಟ ಚೂರು ತನ್ನ ಕಾಲವನ್ನು ಸರಿಯಾಗಿ ಹೇಳಲಾರದು. ಕಂಡ ಸ್ಥಳವನ್ನು ಗುರುತುಮಾಡಿ ಪುರಾತತ್ವ ಇಲಾಖೆಗೆ ತಿಳಿಸುವುದೇ ಯೋಗ್ಯ. 1958ರ ಕಾಯಿದೆಯ ಪ್ರಕಾರ ಸಂರಕ್ಷಿತ ನೆಲೆಗಳಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧವೂ ಆಗಿದೆ. ಅರಮನೆಯು ಬಿದ್ದರೆ ಊರೆಲ್ಲ ಮರುಗುವುದು. ಚೂರಿನ ದಿಬ್ಬವನ್ನು ಒಂದು ಬೆಳಗಿನಲ್ಲಿ ಸಮಮಾಡಿ ನಿವೇಶನಗಳಾಗಿ ಹಂಚಿದರೆ ಯಾರೂ ಕೇಳುವವರಿಲ್ಲ. ಸಾವಿರ ವರ್ಷಗಳ ಅಡುಗೆಮನೆಯು ಅಲ್ಲಿಗೆ ಮಾತು ನಿಲ್ಲಿಸುವುದು.

ನಮ್ಮ ಶಾಲೆಯನ್ನು ಬಿಟ್ಟುಹೋದವರಲ್ಲಿ ಕೆಲವರು ಪ್ರಯೋಗಶಾಲೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ, ಬಹುಮಂದಿ ಮನೆಗಳಲ್ಲಿಯೂ ಕೆಲಸ ಮಾಡುತ್ತಿರುವರು. ಮನೆಯಲ್ಲಿ ಮಾಡಿದ ಕೆಲಸಕ್ಕೆ ಲೆಕ್ಕವಿಲ್ಲ, ಹೆಸರಿಲ್ಲ ಎಂದು ಅವರಲ್ಲಿ ಎಷ್ಟೋ ಮಂದಿ ನಮ್ಮೊಡನೆ ಆಡಿಕೊಂಡಿರುವರು. ಗಿಣ್ಣು ಸೋಸಿದವಳಿಗೂ, ಕಂದನಿಗೆ ಹಾಲೂಡಿದವಳಿಗೂ, ಪೇಕೋಸಿಗೆ ಮಡಕೆ ಕಟ್ಟಿಕೊಟ್ಟವಳಿಗೂ ಹಾಗೆಯೇ ಅನ್ನಿಸಿದ್ದಿರಬಹುದು. ಅವರು ಮಾಡಿದ್ದು ವ್ಯರ್ಥವಾಗಲಿಲ್ಲವೆಂಬುದಕ್ಕೆ ಒಡೆದ ಮಡಕೆಯೇ ಸಾಕ್ಷಿ. ಮುಂದಿನ ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೋದಾಗ, ಹಿತ್ತಲಿನಲ್ಲಿ ಬಿದ್ದ ಒಂದು ಬೋಕಿಯನ್ನು ಎತ್ತಿ ಅದರ ಮುರಿದ ಅಂಚನ್ನು ಬಿಸಿಲಿಗೆ ಹಿಡಿದು ಅವರಿಗೆ ತೋರಿಸಿರಿ. ಉಳಿದ ಪಾಠವನ್ನು ಅದೇ ಹೇಳಿಕೊಡುವುದು.